ಜಾಮೀನುದಾರನ ಧರ್ಮ

ವ್ಯವಹಾರದಲ್ಲಿ ಜಾಮೀನು ಎಂಬುದು ಒಂದು ವಿಶಿಷ್ಟವಾದ ಹೊಣೆ. ಸಾಲಗಾರನು ಕಂತುಗಳನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸುತ್ತಿರುವವರೆಗೆ ಜಾಮೀನುದಾರನು ಮಾಡಬೇಕಾದುದು ಏನೂ ಇಲ್ಲ. ಪತ್ರದ ಕೊನೆಯಲ್ಲಿ ಅವನ ಸಹಿ ಇರುತ್ತದೆ, ಅಷ್ಟೆ. ಆ ಸಹಿಗೆ ಬೆಲೆ ಬರುವುದು ಸಾಲಗಾರನು ತಪ್ಪಿದ ದಿನ. ಅಂದು ಅವನು "ಸಾಲವನ್ನು ಪಡೆದವನು ನಾನಲ್ಲ" ಎಂದರೆ ಆ ಮಾತು ಅಕ್ಷರಶಃ ನಿಜ. ಆದರೂ ಅದು ಅಧರ್ಮ. ಏಕೆಂದರೆ ಸಾಲ ಕೊಟ್ಟವನು ನಂಬಿದ್ದು ಆ ಸಹಿಯನ್ನೇ. ಒಬ್ಬ ವರ್ತಕನಿಗೆ ಅನ್ವಯಿಸುವ ಈ ನಿಯಮವು ರಾಷ್ಟ್ರಗಳಿಗೂ ಅನ್ವಯಿಸುವುದೇ? ಎರಡು ಮಹಾಯುದ್ಧಗಳ ನಡುವೆ ಬಾಳಿ ಅಳಿದ ಡಾನ್ಜಿಗ್ ಎಂಬ ಪುಟ್ಟ ರಾಜ್ಯದ ಚರಿತ್ರೆಯು ಈ ಪ್ರಶ್ನೆಗೆ ಉತ್ತರವನ್ನು ಒದಗಿಸುತ್ತದೆ.

ಇಂದು ಪೋಲೆಂಡ್ ದೇಶದಲ್ಲಿ ಗ್ಡಾನ್ಸ್ಕ್ ಎಂಬ ಹೆಸರಿನಿಂದಿರುವ ಈ ಬಂದರು ನಗರದ ಬಹುಸಂಖ್ಯಾತರು ಆಗ ಜರ್ಮನ್ ಭಾಷಿಕರು. ಮೊದಲನೆಯ ಮಹಾಯುದ್ಧದ ಅನಂತರ ಮರುಹುಟ್ಟು ಪಡೆದ ಪೋಲೆಂಡಿಗೆ ಸಮುದ್ರದ ದಾರಿ ಬೇಕಾಗಿತ್ತು. ನಗರದ ಜನರಿಗಾದರೋ ಪೋಲೆಂಡಿಗೆ ಸೇರುವ ಇಚ್ಛೆ ಇರಲಿಲ್ಲ. ವರ್ಸೇಲ್ಸ್ ಒಪ್ಪಂದವು ಮಧ್ಯಮಾರ್ಗವೊಂದನ್ನು ಹಿಡಿಯಿತು. 1920ರ ನವೆಂಬರ್ 15ರಂದು ಡಾನ್ಜಿಗ್ 'ಸ್ವತಂತ್ರ ನಗರ'ವಾಯಿತು. ವಿದೇಶ ವ್ಯವಹಾರವನ್ನು ಪೋಲೆಂಡ್ ನೋಡಿಕೊಳ್ಳುವುದು, ಸುಂಕದ ವ್ಯವಸ್ಥೆಯಲ್ಲಿ ಇಬ್ಬರೂ ಒಂದಾಗಿರುವುದು, ಒಳಾಡಳಿತವು ನಗರದ ಶಾಸನಸಭೆಗೂ ಸೆನೆಟ್ಟಿಗೂ ಸೇರಿದ್ದು - ಇದು ಏರ್ಪಾಡು. ಸುಮಾರು ನಾಲ್ಕು ಲಕ್ಷ ಜನರ ಈ ರಾಜ್ಯವನ್ನು ಲೀಗ್ ಆಫ್ ನೇಷನ್ಸ್ ಎಂದು ಪ್ರಸಿದ್ಧವಾಗಿದ್ದ ರಾಷ್ಟ್ರಸಂಘವು ತನ್ನ ರಕ್ಷಣೆಯಲ್ಲಿರಿಸಿಕೊಂಡಿತು. ಅದರ ಸಂವಿಧಾನಕ್ಕೂ ರಾಷ್ಟ್ರಸಂಘವೇ ಜಾಮೀನು ನಿಂತಿತು. ಸಂಘದ ಪ್ರತಿನಿಧಿಯಾದ ಹೈಕಮಿಷನರ್ ನಗರದಲ್ಲಿಯೇ ವಾಸವಾಗಿರುತ್ತಿದ್ದನು. ಸಂವಿಧಾನಕ್ಕೆ ಭಂಗ ಬಂದಿತೆಂದು ತೋರಿದರೆ ನಾಗರಿಕರು ಅವನ ಬಾಗಿಲಿಗೆ ಮನವಿಯನ್ನು ಒಯ್ಯಬಹುದಾಗಿತ್ತು.

ಈ ರಾಜ್ಯದಲ್ಲಿ ನಿರಂಕುಶಾಧಿಕಾರವು ಕತ್ತಿ ಹಿರಿದು ಬರಲಿಲ್ಲ. ಮತಪೆಟ್ಟಿಗೆಯ ಮೂಲಕ ಬಂದಿತು. 1933ರ ಮೇ 28ರ ಚುನಾವಣೆಯಲ್ಲಿ ನಾಜಿ ಪಕ್ಷವು ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಮತಗಳನ್ನು ಪಡೆದು 72 ಸ್ಥಾನಗಳಲ್ಲಿ 38ನ್ನು ಗೆದ್ದಿತು. ಹೆರ್ಮನ್ ರೌಷ್ನಿಂಗ್ ಸೆನೆಟ್ಟಿನ ಅಧ್ಯಕ್ಷನಾದನು. ಜೂನ್ ತಿಂಗಳಲ್ಲಿಯೇ ಶಾಸನಸಭೆಯು ತನ್ನ ಅಧಿಕಾರದ ಬಹುಭಾಗವನ್ನು ಸೆನೆಟ್ಟಿಗೆ ಒಪ್ಪಿಸಿ, ಆಜ್ಞೆಗಳ ಮೂಲಕ ಆಳಲು ಅನುಮತಿ ನೀಡಿತು. ನಿಜವಾದ ಸೂತ್ರವಿದ್ದುದು ಹಿಟ್ಲರನು ನೇಮಿಸಿದ ಪಕ್ಷದ ಮುಖಂಡ ಆಲ್ಬರ್ಟ್ ಫಾರ್ಸ್ಟರನ ಕೈಯಲ್ಲಿ. ಅವನೊಡನೆ ಹೊಂದಿಕೊಳ್ಳಲಾರದೆ ರೌಷ್ನಿಂಗ್ 1934ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟನು. ಆರ್ಥರ್ ಗ್ರೈಸರ್ ಆ ಸ್ಥಾನಕ್ಕೆ ಬಂದನು.

ಸಂವಿಧಾನವನ್ನು ತಿದ್ದಲು ಮೂರರಲ್ಲಿ ಎರಡು ಭಾಗ, ಅಂದರೆ 48 ಸ್ಥಾನಗಳು ಬೇಕಾಗಿದ್ದವು. ಅದಕ್ಕೆಂದೇ 1935ರ ಏಪ್ರಿಲ್ 7ರಂದು ಮತ್ತೆ ಚುನಾವಣೆ ನಡೆಯಿತು. ಬೆದರಿಕೆಗೂ ಪ್ರಚಾರಕ್ಕೂ ಮಿತಿಯಿರಲಿಲ್ಲ. ಇಷ್ಟಾದರೂ ಪಕ್ಷಕ್ಕೆ ದೊರೆತದ್ದು 43 ಸ್ಥಾನಗಳು ಮಾತ್ರ. ಹತ್ತರಲ್ಲಿ ನಾಲ್ವರು ಮತದಾರರು ಭಯದ ನಡುವೆಯೂ 'ಬೇಡ' ಎಂದಿದ್ದರು. ಈ ಧೈರ್ಯವು ಅವರಿಗೆ ಎಲ್ಲಿಂದ ಬಂದಿತು? ಸ್ವಭಾವದಿಂದ ಬಂದದ್ದು ಒಂದಿಷ್ಟಿರಬಹುದು. ಆದರೆ ಪಕ್ಕದ ಜರ್ಮನಿಯಲ್ಲಿ ಆ ವೇಳೆಗೆ ವಿರೋಧ ಪಕ್ಷ ಎಂಬುದೇ ಉಳಿದಿರಲಿಲ್ಲ. ಡಾನ್ಜಿಗ್‌ನಲ್ಲಿ ಇನ್ನೂ ಉಳಿದಿತ್ತು. ಅಲ್ಲಿಗೂ ಇಲ್ಲಿಗೂ ಇದ್ದ ಮುಖ್ಯ ವ್ಯತ್ಯಾಸವೆಂದರೆ ಜಾಮೀನು ಪತ್ರದ ಮೇಲಿನ ಆ ಸಹಿ.

ಆ ಸಹಿಯು ಒಮ್ಮೆ ನಿಜವಾಗಿ ಫಲವನ್ನೂ ಕೊಟ್ಟಿತು. 1935ರ ಆಗಸ್ಟ್ 29ರಂದು ಸೆನೆಟ್ ದಂಡಸಂಹಿತೆಯನ್ನು ತಿದ್ದಿ, ಕಾನೂನಿನಲ್ಲಿ ಸ್ಪಷ್ಟವಾಗಿ ಹೇಳಿರದ ಕೃತ್ಯವನ್ನೂ ಕಾನೂನಿನ ಮೂಲಭಾವನೆಗೂ ಜನತೆಯ 'ಆರೋಗ್ಯಕರ ಭಾವನೆ'ಗೂ ಅನುಸಾರವಾಗಿ ಶಿಕ್ಷಿಸಬಹುದೆಂದು ಆಜ್ಞೆ ಹೊರಡಿಸಿತು. ವಿರೋಧ ಪಕ್ಷಗಳು ಹೈಕಮಿಷನರಿಗೆ ಮನವಿ ಸಲ್ಲಿಸಿದವು. ಐರ್ಲೆಂಡಿನವನಾದ ಶಾನ್ ಲೆಸ್ಟರ್ ಆಗ ಆ ಸ್ಥಾನದಲ್ಲಿದ್ದನು. ಅವನು ವಿಷಯವನ್ನು ರಾಷ್ಟ್ರಸಂಘದ ಮುಂದಿಟ್ಟನು. ಸಂಘವು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿತು. ಡಿಸೆಂಬರ್ 4ರಂದು ನ್ಯಾಯಾಲಯವು ಮೂವರ ವಿರುದ್ಧ ಒಂಬತ್ತು ಮತಗಳಿಂದ ಆ ಆಜ್ಞೆಗಳು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ತಾನು ಮಾಡುವ ಕೆಲಸವು ಅಪರಾಧವೋ ಅಲ್ಲವೋ ಎಂಬುದು ಮನುಷ್ಯನಿಗೆ ಮೊದಲೇ ತಿಳಿದಿರಬೇಕು. ನ್ಯಾಯಾಧೀಶನ ಮನಸ್ಸಿನಲ್ಲಿರುವುದನ್ನು ಅವನು ಊಹಿಸಬೇಕಾಗಿ ಬರಬಾರದು - ತೀರ್ಪಿನ ತಿರುಳು ಇದು. ಸೆನೆಟ್ ಆ ಆಜ್ಞೆಗಳಿಂದ ಹಿಂದೆ ಸರಿಯಬೇಕಾಯಿತು.

ಆದರೆ ಮರುವರ್ಷವೇ ಜಾಮೀನುದಾರನ ಕೈ ನಡುಗಿತು. 1936ರ ಜೂನಿನಲ್ಲಿ ಬಂದರಿಗೆ ಬಂದ ಜರ್ಮನಿಯ ಯುದ್ಧನೌಕೆ ಲೈಪ್‌ಜಿಗ್‌ನ ನಾಯಕನು ಮೇಲಿನ ಆದೇಶದಂತೆ ಲೆಸ್ಟರನನ್ನು ಭೇಟಿಯಾಗಲು ಹೋಗಲಿಲ್ಲ. ಜುಲೈ 4ರಂದು ಗ್ರೈಸರನು ಜಿನೀವಾದ ಸಭೆಯಲ್ಲಿಯೇ ರಾಷ್ಟ್ರಸಂಘವನ್ನು ಹೀಗಳೆದು ಮಾತನಾಡಿ, ನಾಜಿ ವಂದನೆ ಮಾಡಿ, ನಕ್ಕ ಪತ್ರಕರ್ತರತ್ತ ಅಣಕಿಸಿ ಹೊರನಡೆದನು. ಸಭೆಯು ಅದನ್ನು ಕಂಡೂ ಕಾಣದಂತಿತ್ತು. ಅಕ್ಟೋಬರಿನಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವನ್ನು ನಿಷೇಧಿಸಲಾಯಿತು. ಜಿನೀವಾದಲ್ಲಿ ಲೆಸ್ಟರನಿಗೆ ಉನ್ನತ ಹುದ್ದೆಯೊಂದನ್ನು ಕೊಟ್ಟು ನಗರದಿಂದ ಬಿಡಿಸಿಕೊಳ್ಳಲಾಯಿತು. 1937ರಲ್ಲಿ ಅವನ ಸ್ಥಾನಕ್ಕೆ ಬಂದ ಸ್ವಿಸ್ ವಿದ್ವಾಂಸ ಕಾರ್ಲ್ ಬುರ್ಕ್‌ಹಾರ್ಟ್‌ನು ಒಳಾಡಳಿತದಲ್ಲಿ ಕೈಹಾಕದೆ ಇರಬೇಕೆಂಬುದು ಸಂಘದ ಅಪೇಕ್ಷೆಯಾಗಿತ್ತು. ಆ ವರ್ಷ ಮುಗಿಯುವ ಮುನ್ನ ಉಳಿದ ವಿರೋಧ ಪಕ್ಷಗಳೂ ಇಲ್ಲವಾದವು.

ಸಂಘದ ಪರವಾಗಿ ಹೇಳಬಹುದಾದ ಮಾತುಗಳಿಲ್ಲದೆ ಇಲ್ಲ. ಅವುಗಳನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಅದಕ್ಕೆ ಸ್ವಂತ ಸೈನ್ಯವಿರಲಿಲ್ಲ. ಜರ್ಮನಿಯು 1933ರಲ್ಲಿಯೇ ಸಂಘವನ್ನು ತೊರೆದಿತ್ತು. ಪೋಲೆಂಡ್ 1934ರಲ್ಲಿ ಹಿಟ್ಲರನೊಡನೆ ಅನಾಕ್ರಮಣ ಒಪ್ಪಂದ ಮಾಡಿಕೊಂಡಿತ್ತು. ಒಂದು ನಗರಕ್ಕಾಗಿ ಯುರೋಪನ್ನೆಲ್ಲ ಯುದ್ಧಕ್ಕೆ ದೂಡಬಾರದೆಂಬ ಆತಂಕವು ಬ್ರಿಟನ್ ಮತ್ತು ಫ್ರಾನ್ಸ್‌ಗಳಲ್ಲಿ ಪ್ರಾಮಾಣಿಕವಾಗಿಯೇ ಇತ್ತು. ಬಹುಮತವೇ ಬಯಸಿದುದನ್ನು ಹೊರಗಿನವರು ತಡೆಯುವುದು ಹೇಗೆ ಎಂಬ ಪ್ರಶ್ನೆಯೂ ಇತ್ತು.

ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ಆಳುವ ಅಧಿಕಾರವನ್ನು ಬಹುಮತ ಕೊಡಬಹುದು. ನೆರೆಯವನ ಹಕ್ಕನ್ನು ಕಿತ್ತುಕೊಳ್ಳುವ ಅಧಿಕಾರವು ಅದರ ಬಳಿ ಇಲ್ಲದ ಸರಕು. ಸಂವಿಧಾನಕ್ಕೆ ಜಾಮೀನು ಬೇಕಾದದ್ದು ಅಲ್ಪಸಂಖ್ಯಾತನಿಗಾಗಿಯೇ. ಅದನ್ನು ತಿದ್ದಲು ಬೇಕಾದ ಬಹುಮತವನ್ನಾದರೂ ಡಾನ್ಜಿಗ್‌ನ ಮತದಾರರು ಯಾವ ಚುನಾವಣೆಯಲ್ಲಿಯೂ ಕೊಡಲಿಲ್ಲ. ಯುದ್ಧಭಯದ ಮಾತು ಇದಕ್ಕಿಂತ ಭಾರವಾದದ್ದು. ಶಾಂತಿಯನ್ನು ಬಯಸುವುದು ದೋಷವಲ್ಲ. ಆದರೆ ಅನ್ಯಾಯವನ್ನು ಕಂಡು 'ಇದು ಅನ್ಯಾಯ' ಎನ್ನಲು ಸೈನ್ಯವೇನೂ ಬೇಕಾಗಿಲ್ಲ. 1935ರಲ್ಲಿ ಹೇಗ್ ನ್ಯಾಯಾಲಯದ ಬಳಿಯೂ ಸೈನ್ಯವಿರಲಿಲ್ಲ. ಶಕ್ತಿಯಿಲ್ಲದವನು ಸುಮ್ಮನಿರುವುದು ಬೇರೆ. ಮಾತನಾಡುತ್ತಿದ್ದ ತನ್ನ ಪ್ರತಿನಿಧಿಯನ್ನು ತಾನೇ ಕರೆಸಿಕೊಂಡು ಸುಮ್ಮನಾಗಿಸುವುದು ಬೇರೆ.

ಕೃತ, ಕಾರಿತ, ಅನುಮೋದಿತ ಎಂದು ಕರ್ಮವನ್ನು ಮೂರು ಬಗೆಯಾಗಿ ಎಣಿಸಿದ ಹಿರಿಯರ ವಿವೇಕವು ಇಲ್ಲಿ ನೆನಪಾಗುತ್ತದೆ. ರಾಷ್ಟ್ರಸಂಘವು ದೌರ್ಜನ್ಯವನ್ನು ಮಾಡಲಿಲ್ಲ, ಮಾಡಿಸಲೂ ಇಲ್ಲ. ಆದರೆ ಸಾಕ್ಷಿಯಾಗಿ ನಿಲ್ಲಬೇಕಾದವನು ಬೆನ್ನು ತಿರುಗಿಸಿದಾಗ ಅವನ ಮೌನವು ಅನುಮೋದನೆಯ ಲೆಕ್ಕಕ್ಕೇ ಸೇರುತ್ತದೆ. ಅದರ ಹೊರೆಯನ್ನು ಹೊತ್ತವರು ಯಾರು? ಸಹಿಯನ್ನು ನಂಬಿ ಮನವಿ ಪತ್ರಗಳಿಗೆ ತಮ್ಮ ಹೆಸರು ಬರೆದವರು. ಜಾಮೀನೇ ಇಲ್ಲದಿದ್ದರೆ ಅವರು ಮೊದಲೇ ಊರು ಬಿಡುತ್ತಿದ್ದರೇನೋ! ಹುಸಿಯಾದ ಆಶ್ರಯವು ನಿರಾಶ್ರಯಕ್ಕಿಂತ ಅಪಾಯಕರವಾಗುವುದು ಹೀಗೆ.

ಅದೇ ನಗರದಲ್ಲಿ ಇನ್ನೊಂದು ನಂಬಿಕೆಯ ವ್ಯವಹಾರವೂ ನಡೆಯಿತು. ಡಾನ್ಜಿಗ್‌ನಲ್ಲಿ ಸುಮಾರು ಹತ್ತು ಸಾವಿರ ಯಹೂದಿಗಳಿದ್ದರು. 1938ರ ಕೊನೆಯ ವೇಳೆಗೆ ಅಲ್ಲಿ ಬಾಳುವುದು ಅಸಾಧ್ಯವೆಂದು ತಿಳಿದ ಆ ಸಮಾಜವು ಒಂದು ಕಠಿಣ ನಿರ್ಧಾರ ಕೈಗೊಂಡಿತು: ತನ್ನ ಮಹಾ ಪ್ರಾರ್ಥನಾಮಂದಿರವನ್ನು ಮಾರಿ, ಬಂದ ಹಣವನ್ನು ಜನರ ವಲಸೆಯ ವೆಚ್ಚಕ್ಕೆ ಬಳಸಿತು. 1939ರ ಮೇ ತಿಂಗಳಲ್ಲಿ ಮಂದಿರವನ್ನು ಕೆಡವಲಾಯಿತು. ಪೂಜ್ಯ ವಸ್ತುಗಳನ್ನು 10 ಪೆಟ್ಟಿಗೆಗಳಲ್ಲಿ ತುಂಬಿ ನ್ಯೂಯಾರ್ಕಿನ ಯಹೂದಿ ಧರ್ಮಶಾಸ್ತ್ರ ವಿದ್ಯಾಲಯಕ್ಕೆ ಕಳುಹಿಸಲಾಯಿತು. ಕರಾರು ಇಷ್ಟು: 15 ವರ್ಷಗಳ ಅನಂತರ ಡಾನ್ಜಿಗ್‌ನಲ್ಲಿ ಸುರಕ್ಷಿತವಾಗಿ ಬಾಳುವ ಯಹೂದಿ ಸಮಾಜವಿದ್ದರೆ ಅವು ಅಲ್ಲಿಗೆ ಮರಳಬೇಕು, ಇಲ್ಲದಿದ್ದರೆ ಅಮೆರಿಕದಲ್ಲಿಯೇ ಉಳಿದು ಜನರಿಗೆ ತಿಳಿವನ್ನು ನೀಡಬೇಕು. ಅವಧಿ ಮುಗಿದಾಗ ಮರಳಿ ಪಡೆಯಲು ಆ ಸಮಾಜವೇ ಇರಲಿಲ್ಲ. ವಸ್ತುಗಳು ನ್ಯೂಯಾರ್ಕಿನಲ್ಲಿ ಉಳಿದವು. 1980ರಲ್ಲಿ ಪ್ರದರ್ಶನವೊಂದರ ಮೂಲಕ ಅಳಿದ ಸಮಾಜದ ಕಥೆಯನ್ನು ಜನರಿಗೆ ಹೇಳಿದವು. ರಾಷ್ಟ್ರಗಳ ದೊಡ್ಡ ಸಂಘವು ಕೈಬಿಟ್ಟ ಕಡೆ ಒಂದು ವಿದ್ಯಾಲಯವು ಕೊಟ್ಟ ಮಾತನ್ನು ಉಳಿಸಿಕೊಂಡಿತು. ಅದಕ್ಕೂ ಸೈನ್ಯವಿರಲಿಲ್ಲ.

1939ರ ಆಗಸ್ಟಿನಲ್ಲಿ ಮತ್ತೊಂದು ಜರ್ಮನ್ ಯುದ್ಧನೌಕೆಯು ಸೌಜನ್ಯ ಭೇಟಿಯ ಹೆಸರಿನಲ್ಲಿ ಬಂದರನ್ನು ಸೇರಿತು. ಸೆಪ್ಟೆಂಬರ್ 1ರ ಮುಂಜಾನೆ ಅದು ವೆಸ್ಟರ್‌ಪ್ಲಾಟೆಯ ಪೋಲಿಷ್ ಠಾಣೆಯ ಮೇಲೆ ಗುಂಡು ಹಾರಿಸಿತು. ಅಂದೇ ಫಾರ್ಸ್ಟರನು ನಗರವನ್ನು ಜರ್ಮನಿಗೆ ಸೇರಿಸಿರುವುದಾಗಿ ಸಾರಿದನು. ಹೈಕಮಿಷನರನನ್ನು ಹೊರಗೆ ಕಳುಹಿಸಲಾಯಿತು. ಯಾವ ಯುದ್ಧವನ್ನು ತಪ್ಪಿಸಲೆಂದು ಮೌನವನ್ನು ಬೆಲೆಯಾಗಿ ತೆತ್ತಿದ್ದರೋ ಆ ಯುದ್ಧವು ಆ ಬಂದರಿನಿಂದಲೇ ಆರಂಭವಾಯಿತು.

ಕಾಲ ಕಳೆದಂತೆ ಜಾಮೀನು ಪತ್ರದ ಹೊಣೆ ಕರಗುವುದಿಲ್ಲ. ಒಂದು ಸಂಸ್ಥೆಯ ಧರ್ಮದರ್ಶಿಯಾಗಲಿ, ಅನಾಥ ಬಾಲಕನ ಪೋಷಕನಾಗಲಿ, ನೆರೆಯವನ ಸಾಲಕ್ಕೆ ಸಹಿ ಹಾಕಿದ ವರ್ತಕನಾಗಲಿ, ಸಹಿ ಹಾಕುವ ಮುನ್ನ ತನ್ನ ಶಕ್ತಿಯನ್ನು ತೂಗಿ ನೋಡಬಹುದು; ಆಗದು ಎಂದು ವಿನಯದಿಂದ ಹಿಂದೆಗೆಯಬಹುದು. ಅದರಲ್ಲಿ ಅವಮಾನವಿಲ್ಲ. ಸಹಿ ಹಾಕಿದ ಮೇಲೆ ಮಾತ್ರ ಶಕ್ತಿಯಿಲ್ಲವೆಂಬ ನೆಪವು ಅರ್ಧ ಉತ್ತರವಷ್ಟೇ. ಹಣ ಕೊಡಲಾಗದಿದ್ದರೂ ಸತ್ಯವನ್ನು ನುಡಿಯುವ ಶಕ್ತಿಯಾದರೂ ಅವನಲ್ಲಿ ಉಳಿದಿರುತ್ತದೆ. ತನ್ನನ್ನು ನಂಬಿದವನಿಗೆ ಅಷ್ಟನ್ನಾದರೂ ಅವನು ಸಲ್ಲಿಸಬೇಕು.