ಬೇಲಿಗಿಡದ ತವರು

ಇಂಗ್ಲಿಷ್ ಪಾಠದಲ್ಲಿ ಹಾಥಾರ್ನ್ ಎಂಬ ಹೆಸರು ಬಂದಾಗ ‘ಒಂದು ಬಗೆಯ ಮುಳ್ಳಿನ ಗಿಡ’ ಎಂದು ಹೇಳಿ ಮುಂದೆ ಹೋಗುವುದು ನಮ್ಮ ಶಾಲೆಗಳ ರೂಢಿ. ಆದರೆ ಆ ಗಿಡದ ಪೂರ್ವಾಪರ ವಿಚಾರಿಸಿದರೆ, ‘ಇದು ಈ ನೆಲದ್ದು, ಅದು ಹೊರಗಿನದು’ ಎಂದು ನಾವು ಸಲೀಸಾಗಿ ಆಡುತ್ತೇವಲ್ಲ, ಆ ಮಾತೇ ತಡವರಿಸುತ್ತದೆ.

ಇಂಗ್ಲೆಂಡಿಗೆ ಸಹಜವಾದ ಹಾಥಾರ್ನ್ ಎರಡು. ಎರಡೂ ಗುಲಾಬಿಯ ಕುಟುಂಬದವು. ವಸಂತದಲ್ಲಿ ಬಿಳಿ ಹೂ, ಆಮೇಲೆ ಕೆಂಪು ಹಣ್ಣು. ಅಕ್ಕತಂಗಿಯರಂಥ ಇವುಗಳ ಗುರುತು ಹಿಡಿಯಲು ಎಲೆ ನೋಡಬೇಕು, ಹಣ್ಣು ಬಿಡಿಸಬೇಕು. ಸಾಮಾನ್ಯ ಹಾಥಾರ್ನಿನ ಎಲೆ ಆಳವಾಗಿ ಸೀಳಿರುತ್ತದೆ. ಹೂವಿನಲ್ಲಿ ಒಂದೇ ಶಲಾಕೆ, ಹಣ್ಣಿನಲ್ಲಿ ಒಂದೇ ಬೀಜ. ಮಿಡ್‌ಲ್ಯಾಂಡ್ ಹಾಥಾರ್ನಿನ ಎಲೆಯ ಸೀಳು ಮೇಲುಮೇಲಿನದು. ಶಲಾಕೆ, ಬೀಜ ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ಮೂರು. ಮೊದಲನೆಯದಕ್ಕೆ ಬಿಸಿಲು ಬೇಕು. ಎರಡನೆಯದು ಹಳೆಯ ಕಾಡಿನ ನೆರಳಲ್ಲಿ, ಜಿಗುಟು ಜೇಡಿಮಣ್ಣಿನಲ್ಲಿ ಬಾಳುತ್ತದೆ. ಬೇಲಿಯಲ್ಲಿ ಅದು ಸಿಕ್ಕರೆ, ಹಿಂದೆ ಅಲ್ಲಿ ಕಾಡಿತ್ತೇನೋ ಎಂದು ಬಲ್ಲವರು ಊಹಿಸುತ್ತಾರೆ. ಎರಡೂ ಬೆರೆತ ಮಿಶ್ರತಳಿಯೂ ಉಂಟು. ಪುಸ್ತಕ ಹಿಡಿದು ಹೊರಟವರಿಗೆ ಅದೊಂದು ತಲೆನೋವು!

ಅಲ್ಲಿನ ಹೊಲಗಳ ಸುತ್ತ ಮೈಲುಗಟ್ಟಲೆ ಕಾಣುವ ಸಾಮಾನ್ಯ ಹಾಥಾರ್ನ್ ಬಹುಪಾಲು ಮನುಷ್ಯರೇ ನೆಟ್ಟದ್ದು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಸುಮಾರು 68 ಲಕ್ಷ ಎಕರೆ ನೆಲವನ್ನು ಬೇಲಿಯೊಳಗೆ ಸೇರಿಸಿತು. ಬಡವರು ಹಸು ಮೇಯಿಸಿಕೊಂಡು, ಸೌದೆ ಆರಿಸಿಕೊಂಡು ಬದುಕುತ್ತಿದ್ದ ಗೋಮಾಳಗಳೂ ಅದರಲ್ಲಿ ಹೋದವು. ಅವರನ್ನು ಹೊರಗಿಟ್ಟದ್ದು ಇದೇ ಗಿಡ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇನ್ನೇನು? ಬರಿಗೈಯಲ್ಲಿ ಹಿಂದಿರುಗಿದ ಆ ಹೆಂಗಸಿಗೆ, ಚುಚ್ಚಿದ ಮುಳ್ಳು ತನ್ನ ನೆಲದ್ದೇ ಎಂಬುದರಿಂದ ಯಾವ ಸಮಾಧಾನ ಸಿಕ್ಕೀತು?

ಇದೇ ಗಿಡವನ್ನು ವಲಸೆಗಾರರು ಅಮೆರಿಕಕ್ಕೂ ಒಯ್ದರು. ಓರೆಗಾನ್‌ನಲ್ಲಿ ಕಪ್ಪು ಹಣ್ಣಿನ ಸ್ಥಳೀಯ ಹಾಥಾರ್ನ್ ಇದೆ. ಹಕ್ಕಿಗಳು ಕೆಂಪು ಹಣ್ಣು ತಿಂದು ಬೀಜ ಹರಡಿದವು, ಎರಡು ಜಾತಿಗಳೂ ಬೆರೆಯತೊಡಗಿದವು. ತವರಿನಲ್ಲಿ ಹೂವಿಗಾಗಿ ಹೊಗಳಿಸಿಕೊಂಡ ಗಿಡ ಅಲ್ಲಿ ಕಳೆ. ಅದನ್ನು ಕೀಳುವುದು ತಪ್ಪೆಂದು ನಾನು ಹೇಳಲಾರೆ. ಕಪ್ಪು ಹಣ್ಣಿನದಕ್ಕೆ ಹೋಗಲು ಬೇರೆ ಊರಿಲ್ಲ. ಆದರೆ ಕೀಳಲು ಕಾರಣ ಅದು ಅಲ್ಲಿ ಮಾಡುತ್ತಿರುವ ಹಾನಿಯಾಗಿರಲಿ, ಬರೀ ಹುಟ್ಟೂರಲ್ಲ. ಮದುವೆಯಾಗಿ ಮೂವತ್ತು ವರ್ಷ ಕಳೆದರೂ ‘ನಿಮ್ಮದು ಯಾವೂರಾಯ್ತು?’ ಎಂದು ಕೇಳಿಸಿಕೊಳ್ಳುವ ನಮ್ಮಂಥವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಇಂಗ್ಲೆಂಡಿನ ಆ ಬೇಲಿಗಳು. ಅನ್ಯಾಯಕ್ಕಾಗಿ ನೆಟ್ಟವು ಎಂದು ಕಿತ್ತೊಗೆಯೋಣವೇ? ಗೋಮಾಳವಂತೂ ಮರಳಿ ಬರಲಿಲ್ಲ. ಮುಳ್ಳಿನ ನಡುವೆ ಹಕ್ಕಿಗಳು ಗೂಡು ಕಟ್ಟಿಕೊಂಡಿವೆ. 1997ರ ನಿಯಮದಂತೆ ಹೊಲದ ಬೇಲಿ ಕೀಳುವ ಮುಂಚೆ ಸಾಮಾನ್ಯವಾಗಿ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು.