ಇಂದಿನ ಧಮ್ಮ ಚಿಂತನೆ: ಕುದುರೆ ಪಳಗಿಸುವ ಕೇಸಿ




ಕಳೆದ ವಾರ ಕೇಸಿ ಸುತ್ತ ಓದಿದ ಮೇಲೆ ನನಗೆ ಎರಡು ಪ್ರಶ್ನೆ ಬಂದವು. ಒಂದನ್ನು ಗುಂಪಿನಲ್ಲೇ ಒಬ್ಬ ಅಕ್ಕ ಕೇಳಿದರು: "ಪ್ರಾಣಿಯ ಬೆನ್ನ ಮೇಲೆ ಕೂರುವುದೇ ಹಿಂಸೆ ಅಲ್ಲವೇ? ಭಗವಾನರು ಅದರ ಉಪಮೆ ಯಾಕೆ ಕೊಟ್ಟರು?" ಇನ್ನೊಂದನ್ನು ಒಬ್ಬರು ರಾತ್ರಿ ಹನ್ನೊಂದು ಗಂಟೆಗೆ ನನಗೊಬ್ಬನಿಗೇ ಕಳಿಸಿದರು. ಮಗ ಇಂಜಿನಿಯರಿಂಗ್ ಅರ್ಧಕ್ಕೇ ಬಿಟ್ಟು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದಾನೆ, ಎಷ್ಟು ಹೇಳಿದರೂ ಕೇಳುತ್ತಿಲ್ಲ. "ಸುತ್ತದಲ್ಲಿರುವ ಹಾಗೆ ಇನ್ನು ಅವನ ಜೊತೆ ಮಾತು ಬಿಟ್ಟುಬಿಡಲೇ ಸಾರ್?" ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಓದಿಗೆ ಬಾರದವರಿಗಾಗಿ ಕಥೆ ಇಷ್ಟು. ಕೇಸಿ ಕುದುರೆ ಪಳಗಿಸುವವನು. ಹೇಗೆ ಪಳಗಿಸುತ್ತೀಯ ಎಂದು ಭಗವಾನರು ಕೇಳುತ್ತಾರೆ. ಮೃದುವಾಗಿ, ಕೆಲವನ್ನು ಕಠಿಣವಾಗಿ, ಕೆಲವನ್ನು ಎರಡೂ ಸೇರಿಸಿ ಎನ್ನುತ್ತಾನೆ. ಯಾವುದಕ್ಕೂ ಬಗ್ಗದಿದ್ದರೆ? ಕೊಂದುಬಿಡುತ್ತೇನೆ, ನನ್ನ ಗುರುಪರಂಪರೆಗೆ ಕೆಟ್ಟ ಹೆಸರು ಬರಬಾರದಲ್ಲ. ನೀವು ಜನರನ್ನು ಹೇಗೆ ಪಳಗಿಸುತ್ತೀರಿ ಎಂದು ಅವನು ಕೇಳಿದರೆ ಭಗವಾನರೂ ಅದೇ ನಾಲ್ಕನ್ನು ಹೇಳುತ್ತಾರೆ, ಕೊಲ್ಲುವುದನ್ನೂ ಸೇರಿಸಿ! ಕೇಸಿ ಬೆಚ್ಚಿಬಿದ್ದಾಗ ಬಿಡಿಸಿ ಹೇಳುತ್ತಾರೆ: ಇವನು ಮಾತಿಗೆ, ಬುದ್ಧಿಗೆ ತಕ್ಕವನಲ್ಲ ಎಂದು ತಥಾಗತ ಕೈಬಿಟ್ಟರೆ ಧಮ್ಮದಲ್ಲಿ ಅದೇ ಕೊಲೆ.

ಈ ಭಾನುವಾರ ಮೊಮ್ಮಗಳನ್ನು ಮಾಗಡಿ ಕಡೆಯ ಒಂದು ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ರಾಗಿ ಹೊಲ, ಹಸು, ಮೇಕೆ ಇರುವ ಬೇಸಾಯದ ತೋಟ. ಎರಡು ಮಾರ್ವಾಡಿ ತಳಿಯ ಕುದುರೆಗಳೂ ಇವೆ, ಕಿವಿಯ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವಂಥವು. ಬಂದವರನ್ನು ಕೂರಿಸಿ ಹೊಲದ ಬದುವಿನ ಮೇಲೆ ನಿಧಾನವಾಗಿ ನಡೆಸಿಕೊಂಡು ಹೋಗುತ್ತಾರೆ, ಓಟಗೀಟ ಇಲ್ಲ. ಕುದುರೆ ನೋಡಿಕೊಳ್ಳುವವರಿಗೆ ನನ್ನದೇ ವಯಸ್ಸು. ಕೇಸಿ ಸುತ್ತದ ಬಗ್ಗೆ ಅವರಿಗೇನೂ ಗೊತ್ತಿಲ್ಲ, ಆದರೆ ಅವರ ಕೆಲಸ ನೋಡುತ್ತಾ ನನಗೆ ಎರಡೂ ಪ್ರಶ್ನೆ ನೆನಪಾದವು.

ಮೊದಲು ಹತ್ತು ನಿಮಿಷ ಹತ್ತಿಸಲೇ ಇಲ್ಲ. ಕುದುರೆಗೆ ತನ್ನ ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಕಾಣುವುದಿಲ್ಲವಂತೆ. ಅದಕ್ಕೇ ಭುಜದ ಪಕ್ಕದಿಂದ ಬರಬೇಕು. ಕತ್ತು ಬೆನ್ನಿಗೆ ಸೇರುವ ಜಾಗದಲ್ಲಿ ತುರಿಸು ಅಂದರು ಮಗುವಿಗೆ. ಕುದುರೆಗಳು ಪರಸ್ಪರ ಹಲ್ಲಿನಿಂದ ತುರಿಸಿಕೊಳ್ಳುವುದು ಅಲ್ಲೇ. ಹತ್ತಿಸಿದ ಮೇಲೆ ಎಡಪಕ್ಕದಲ್ಲಿ ತಾವು ನಡೆದರು, ಕೈಯಲ್ಲಿ ಹಗ್ಗ ಜೋಲುತ್ತಿತ್ತು. ಇಷ್ಟು ಸಡಿಲ ಬಿಟ್ಟರೆ ಹೇಗೆ ಎಂದೆ. "ಎಳೆದಾಗ ಅದು ಕಲಿಯಲ್ಲ ಸಾರ್, ಬಿಟ್ಟಾಗ ಕಲಿಯುತ್ತೆ. ಒಂದು ಹೆಜ್ಜೆ ಹಾಕ್ತಾ? ತಕ್ಷಣ ಬಿಡಬೇಕು. ಹೆಜ್ಜೆ ಹಾಕಿದ ಮೇಲೂ ಎಳೀತಾ ಇದ್ರೆ ಅದಕ್ಕೇನು ತಿಳೀಬೇಕು?"

ಮಗು ಹೆದರಿ ಉಸಿರು ಬಿಗಿಹಿಡಿದಳು. ಕುದುರೆ ಕಿವಿ ಹಿಂದಕ್ಕೆ ತಿರುಗಿಸಿ ನಿಂತುಬಿಟ್ಟಿತು. ಅವರು ಕುದುರೆಗೆ ಏನೂ ಹೇಳಲಿಲ್ಲ. "ಪುಟ್ಟಿ, ಒಂದು ಹಾಡು ಹೇಳವ್ವ" ಅಂದರು. ಹಾಡಬೇಕಾದರೆ ಉಸಿರಾಡಲೇಬೇಕಲ್ಲ! ಎರಡು ಸಾಲು ಮುಗಿಯುವಷ್ಟರಲ್ಲಿ ಕುದುರೆ ತಾನಾಗಿ ನಡೆಯಿತು. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಅಳತೆ ಮಾಡಿ ತೋರಿಸಿದ್ದಾರೆ. ಸವಾರರಿಗೆ, ಈ ಸಲ ನೀವು ಹಾದುಹೋಗುವಾಗ ಕೊಡೆ ಬಿಚ್ಚುತ್ತೇವೆ ಎಂದರು. ಕೊಡೆ ಬಿಚ್ಚಲೇ ಇಲ್ಲ. ಸವಾರರ ಎದೆಬಡಿತ ಏರಿತು, ಏನೂ ಗೊತ್ತಿಲ್ಲದ ಕುದುರೆಗಳದ್ದೂ ಏರಿತು.

ಅಕ್ಕನ ಪ್ರಶ್ನೆಗೆ ನನಗೆ ತೋಚಿದ್ದು ಇದು. ಜೀನು ಸೇರಿಸಿ ಕುದುರೆಯ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೊರಿಸಬಾರದು ಎಂಬ ಲೆಕ್ಕವಿದೆ. 400 ಕೆ.ಜಿ. ಕುದುರೆಗೆ 80 ಕೆ.ಜಿ. ಅಷ್ಟೇ. ಆ ದಿನ ದಪ್ಪಗಿದ್ದ ಒಬ್ಬರಿಗೆ ಆಗಲ್ಲ ಎಂದರು, ಅವರು ಸಿಟ್ಟಾಗಿ ಹೋದರು. ನಾಲ್ಕು ಸುತ್ತು ಆದ ಮೇಲೆ ಜನ ಕಾಯುತ್ತಿದ್ದರೂ ಜೀನು ಇಳಿಸಿದರು. ಇಷ್ಟಾದರೂ ಕುದುರೆ ತಾನಾಗಿ ಒಪ್ಪಿ ಬಂದದ್ದಲ್ಲ, ಅದನ್ನು ಮುಚ್ಚಿಡಲಾರೆ. ಮದುವೆ ದಿಬ್ಬಣದ ಬ್ಯಾಂಡಿನ ನಡುವೆ ಬೆವೆತು ನಿಲ್ಲುವ ಕುದುರೆಗೂ ಇದಕ್ಕೂ ವ್ಯತ್ಯಾಸವಿದೆ ಎಂಬಷ್ಟು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಈಗ ಆ ತಂದೆಯ ಪ್ರಶ್ನೆ. ಒಂದು ಸೂಕ್ಷ್ಮ ಗಮನಿಸಿ. ಕೇಸಿ ಕೊಲ್ಲುವುದಕ್ಕೆ ಕೊಡುವ ಕಾರಣ ಪರಂಪರೆಯ ಮಾನ. ಭಗವಾನರ ಉತ್ತರದಲ್ಲಿ ಆ ಕಾರಣ ಇಲ್ಲ. ನಮ್ಮ ಮನೆಗಳಲ್ಲಿ ಮಾತು ಬಿಡುವುದು ಹೆಚ್ಚಾಗಿ ಕೇಸಿಯ ಕಾರಣಕ್ಕೆ. ನೆಂಟರ ಮುಂದೆ ತಲೆ ಎತ್ತಲಾಗದು ಎಂದು. ಅದೂ ಮೊದಲ ವಾರವೇ!

ಭಗವಾನರು ಈ ಅಸ್ತ್ರ ಬಳಸಿದ್ದು ಯಾರ ಮೇಲೆ, ನೆನಪಿದೆಯೇ? ಭಿಕ್ಷು ಛನ್ನನ ಮೇಲೆ. ಕಂಥಕ ಕುದುರೆಯ ಜೊತೆ ಮನೆಬಿಟ್ಟ ರಾತ್ರಿ ಸಂಗಡ ಬಂದಿದ್ದ ಅದೇ ಛನ್ನ ಎನ್ನುತ್ತದೆ ಸಂಪ್ರದಾಯ. ಎಷ್ಟು ಹೇಳಿದರೂ ಕೇಳದವನಾಗಿದ್ದ. 45 ವರ್ಷ ಧಮ್ಮ ಹೇಳಿದ ಮೇಲೆ, ಪರಿನಿಬ್ಬಾಣದ ಹೊತ್ತಿಗೆ ಅವನಿಗೆ ಬ್ರಹ್ಮದಂಡ ವಿಧಿಸಿದರು, ಯಾರೂ ಅವನೊಂದಿಗೆ ಮಾತಾಡಬಾರದು ಎಂದು. ಅದನ್ನು ಹೇಳಲು ಆನಂದರು ಕೋಸಂಬಿಗೆ ತಾವೇ ಹೋದರು. ಕೇಳಿದೊಡನೆ ಛನ್ನ, ಇಷ್ಟರಿಂದಲೇ ನಾನು ಸತ್ತೆನಲ್ಲ ಎಂದು ಮೂರ್ಛೆ ಹೋದ. ಕೇಸಿಗೆ ಹೇಳಿದ ಅದೇ ಮಾತು. ಬಳಿಕ ಒಬ್ಬನೇ ಕೂತು ಸಾಧನೆ ಮಾಡಿ ಅರಹಂತನಾದ, ದಂಡವೂ ಕಳೆಯಿತು. ಸೈ, ಮೌನ ಕೆಲಸ ಮಾಡಿತು. ಆದರೆ ಅದರ ಹಿಂದೆ ಎಷ್ಟು ವರ್ಷದ ಮಾತು ಇತ್ತು ನೋಡಿ.

ಅವರ ಸಂದೇಶದಲ್ಲೇ ಒಂದು ಸಾಲಿತ್ತು: ಬೆಳಿಗ್ಗೆ ಎಂಟಕ್ಕೆ ಎಬ್ಬಿಸಿದರೂ ಏಳದಿದ್ದವನು ಈಗ ಒಂಬತ್ತಕ್ಕೆ ಸರಿಯಾಗಿ ಅಂಗಡಿಯಲ್ಲಿರುತ್ತಾನೆ. ಅವರು ಅದನ್ನು ದೂರಿನಂತೆ ಬರೆದಿದ್ದರು. ನನಗೆ ಅದು ಕುದುರೆ ಹಾಕಿದ ಒಂದು ಹೆಜ್ಜೆಯಂತೆ ಕಂಡಿತು. ಹಗ್ಗ ಅಲ್ಲಿ ಸಡಿಲವಾಗಲಿಲ್ಲ. ಒಂದು ತಿಂಗಳು ಕಾಲೇಜಿನ ಮಾತು ಎತ್ತಬೇಡಿ, ಊಟಕ್ಕೆ ಜೊತೆಗೆ ಕೂರಿ, ಒಮ್ಮೆ ಅಂಗಡಿಗೂ ಹೋಗಿ ಬನ್ನಿ ಎಂದು ಬರೆದೆ.

ಇವತ್ತು ಬೆಳಗ್ಗೆ ಉತ್ತರ ಬಂತು: "ಅಲ್ಲಿ ಹೋಗಿ ಏನು ಮಾತಾಡಲಿ ಸಾರ್?" ನಿಮ್ಮ ಫೋನಿನ ಚಾರ್ಜಿಂಗ್ ಸರಿಯಿಲ್ಲ ಅಂತಿದ್ದಿರಲ್ಲ, ಅದನ್ನೇ ತೆಗೆದುಕೊಂಡು ಹೋಗಿ ಎಂದಿದ್ದೇನೆ.

ನಾಳೆಯ ಓದು: ಮಜ್ಝಿಮ ನಿಕಾಯದ 65ನೇ ಸುತ್ತ, ಭದ್ದಾಲಿ. ಮರಿಕುದುರೆಗೆ ಮೊದಲ ಸಲ ಕಡಿವಾಣ ಹಾಕಿದಾಗ ಅದು ಒದ್ದಾಡುವ ಭಾಗದಿಂದ ಶುರುಮಾಡೋಣ. 🙏