ಮಾತಾಡುವ ಮುಂಚಿನ ದಿನ

ನೆಹೆಮೀಯ 2ನೇ ಅಧ್ಯಾಯ ತೆರೆಯಿರಿ. ಯೆರೂಸಲೇಮಿಗೆ ಬಂದವನು ಮೂರು ದಿನ ಸುಮ್ಮನಿದ್ದ. ಆಮೇಲೆ ರಾತ್ರಿ ಎದ್ದು ಬಿದ್ದ ಗೋಡೆ, ಸುಟ್ಟ ಬಾಗಿಲು ನೋಡ್ತಾ ಸುತ್ತಿದ. ಒಂದು ಕಡೆ ಅವನ ಸವಾರಿಗೆ ದಾಟೋಕೂ ಜಾಗ ಇರಲಿಲ್ಲ. ಇಷ್ಟೆಲ್ಲ ನೋಡಿದ ಮೇಲೇ ಬಾಯಿ ತೆರೆದ.

ನಾನು ಹಾಗಲ್ಲ. ಬೀದರ್‌ನಲ್ಲಿ ರೇಡಿಯೋ ಕಾರ್ಯಕ್ರಮ ತಯಾರಿಸುವವರ ಸಭೆಗೆ ಒಂದು ದಿನ ಮೊದಲೇ ತಲುಪಿದ್ದೆ, ಬ್ಯಾಗ್‌ನಲ್ಲಿ ಸ್ಕ್ರಿಪ್ಟ್ ರೆಡಿ ಇಟ್ಕೊಂಡು. ಟೈಮ್ ಇತ್ತಲ್ಲ, ಚೌಬಾರಾದಿಂದ ನಡೆದು ಮಹಮೂದ್ ಗವಾನ್ ಮದ್ರಸಾ ನೋಡಿದೆ. 1472ರ ಕಟ್ಟಡ, ಎರಡು ಮಿನಾರಿನಲ್ಲಿ ಒಂದೇ ಉಳಿದಿದೆ. ಆ ಗವಾನನನ್ನು 1481ರಲ್ಲಿ ಸುಲ್ತಾನ ಕೊಲ್ಲಿಸಿದ್ದು ಒಂದು ನಕಲಿ ಪತ್ರ ನಂಬಿ. ವಿಚಾರಿಸಲೇ ಇಲ್ಲ. (ಬಂದದ್ದೆಲ್ಲ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡೋರು ಕೇಳಿಸ್ಕೊಳ್ಳಿ!)

ಆಮೇಲೆ ಆಟೋ ಹಿಡಿದು ನೌಬಾದ್‌ಗೆ ಹೋದೆ. ಬಹಮನಿ ಕಾಲದಲ್ಲಿ ನೀರಿಗಾಗಿ ನೆಲದೊಳಗೆ ಕೊರೆದ ಕರೇಜ್ ಸುರಂಗ ಅಲ್ಲಿದೆ. ಡ್ರೈವರ್ ಔರಾದ್ ಕಡೆಯವರು, ಹೆಂಡತಿ ಭಾಲ್ಕಿಯವರು. ಮನೆಯಲ್ಲಿ ಮರಾಠಿ, ಸ್ಟ್ಯಾಂಡಿನಲ್ಲಿ ಉರ್ದು, ನನ್ನ ಜೊತೆ ಕನ್ನಡ. ಧೈರ್ಯ ಮಾಡಿ ಸ್ಕ್ರಿಪ್ಟಿನ ಮೊದಲ ಪುಟ ಓದಿ ಹೇಳಿದೆ. ಪೂರ್ತಿ ಕೇಳಿದರು.

"ಛಲೋ ಅದರಿ ಸರ್. ಖರೇ ಇದು ಯಾರಿಗಿ ಹೇಳ್ಲತ್ತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಮೋಚನೆ, ಪವಿತ್ರೀಕರಣ ಅಂತೆಲ್ಲ ಬರೆದಿದ್ದೆ. ದಾರಿಯುದ್ದಕ್ಕೂ ಅವರು ಹೇಳಿದ್ದು ಬಡ್ಡಿ ಸಾಲ, ಮಗಳ ಫೀಸು.

ರಾತ್ರಿ ಲಾಡ್ಜ್‌ನಲ್ಲಿ ಮೊಣಕಾಲೂರಿದೆ. ಮರುದಿನ ಸಭೆಯಲ್ಲಿ ನನ್ನ ಸರದಿ ಬಂದಾಗ ಸ್ಕ್ರಿಪ್ಟ್ ತೆಗೆಯಲಿಲ್ಲ. ಡ್ರೈವರ್ ಕೇಳಿದ ಪ್ರಶ್ನೆಯನ್ನೇ, ಅವರ ಮಾತಿನಲ್ಲೇ, ಎಲ್ಲರ ಮುಂದೆ ಇಟ್ಟೆ.